ಸುಣ್ಣದ ಪುಣ್ಯ

ಮಸಿಯ ಕೆಳಗಿನ ಬರಹವನ್ನೂ ಹಿಡಿಯಬಲ್ಲ ಕ್ಯಾಮೆರಾ ಯೀ ಮೋನ್ ಓದುತ್ತಿದ್ದ ಮಂಡಲೆಯ ಪುರಾತತ್ವ ವಿಭಾಗದಲ್ಲಿ ಇದ್ದದ್ದು ಒಂದೇ. ಅದಕ್ಕೆ ಕಣ್ಣು ಹಾಕಿದವರು ಮಾತ್ರ ವಿಭಾಗದ ತುಂಬ. ಮಳೆಗಾಲವಿಡೀ ಪ್ರೊಫೆಸರಮ್ಮನ ಬಾಗಿಲು ಕಾದು, ಬೈಸಿಕೊಂಡು, ಹಲ್ಲು ಗಿಂಜಿ, ಕೊನೆಗೂ ಅದನ್ನು ದಕ್ಕಿಸಿಕೊಂಡು ಅವಳು ಊರಿನ ಬಸ್ಸು ಹತ್ತಿದ್ದಳು. ದಾರಿಯುದ್ದಕ್ಕೂ ಅದನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಅವಳ ಊರಾಚೆ, ತಾಳೆಮರಗಳ ಸಾಲು ಮುಗಿಯುವಲ್ಲಿ, ಇಟ್ಟಿಗೆಯಲ್ಲಿ ಕಟ್ಟಿದ, ಗವಿಯಂಥ ಒಂದು ಸಣ್ಣ ಗುಡಿ. ಒಳಗೆ ಬುದ್ಧ ಒಬ್ಬನೇ, ಬಾವಲಿಗಳು ಸಾವಿರ. ಗೋಡೆಯ ತುಂಬ ಎಂಟು ನೂರು ವರ್ಷ ಹಳೆಯ ಚಿತ್ರಗಳು. ಅಂಥ ಗೋಡೆಗಳಿಗೆ ಈ ದೇಶದಲ್ಲಿ ಬರವಿಲ್ಲ, ಅವುಗಳ ಮೇಲೆ ಪಿಎಚ್.ಡಿ. ಮಾಡಿ ಕೂತವರಿಗೂ ಬರವಿಲ್ಲ. ಆದರೆ ಪಡುವಣ ಗೋಡೆಯ ಮೂಲೆಯಲ್ಲಿ, ತಲೆಮಾರುಗಳ ಮೇಣದಬತ್ತಿಯ ಮಸಿಯ ನಡುವೆ, ಯೀ ಮೋನ್ ಟಾರ್ಚು ಹಿಡಿದು ಒಂದು ಸಾಲು ಓದಿದ್ದಳು: ‘ಇವನ್ನೆಲ್ಲ ಹೆಂಗಸಾದ ನಾನು ಕೈಯಾರೆ ಬರೆದೆ. ನನ್ನ ಹೆಸರು’. ಅಷ್ಟೇ. ಮುಂದೆ ಬರೀ ಕಪ್ಪು. ಅವಳು ಅಲ್ಲಿಯವರೆಗೆ ಓದಿದ ಗೋಡೆಗಳಲ್ಲಿ ದಾನ ಕೊಟ್ಟ ದೊರೆಯ ಹೆಸರಿತ್ತು, ಅವನ ರಾಣಿಯರ ಹೆಸರಿತ್ತು, ದಾನಕ್ಕೆ ಹೋದ ಎತ್ತುಗಳಿಗೂ ಹೆಸರಿತ್ತು. ಕುಂಚ ಹಿಡಿದವರು ಮಾತ್ರ ಯಾರಿಗೂ ಬೇಡವಾಗಿದ್ದರು. ಇಲ್ಲಿ ಒಬ್ಬಳು, ಅದೂ ಹೆಣ್ಣು, ತಾನೇ ಬಾಯಿ ತೆರೆದು ಹೇಳುತ್ತಿದ್ದಳು. ಆ ಹೆಸರೊಂದು ಸಿಕ್ಕರೆ ಯೀ ಮೋನ್‌ಗೆ ಮತ್ತೇನೂ ಬೇಡವಾಗಿತ್ತು.

“ಬಾಯಿ ಬಿಟ್ಟೆಯೋ ಕೆಟ್ಟೆ,” ಎಂದಿದ್ದರು ಪ್ರೊಫೆಸರಮ್ಮ. “ಗೋಡೆ ಕೊಯ್ದು ಮಾರೋ ಕಳ್ಳರಿಗೆ ಸುದ್ದಿ ಮುಟ್ಟೋಕೆ ಒಂದು ಚಹಾದಂಗಡಿ ಸಾಕು. ಹೆತ್ತಮ್ಮನಿಗೂ ಹೇಳಬೇಡ.”

ಹೇಳಲಿಲ್ಲ. “ಆ ಬಾವಲಿ ಗುಡೀಲಿ ಅದೇನೇ ಹುಡುಕ್ತೀಯ?” ಎಂದು ತಾಯಿ ಕೇಳಿದಾಗ, “ನನ್ನ ಪರೀಕ್ಷೆ ಪಾಸಾಗೋದು ಆ ಗುಡಿ ಕೈಲೇ ಇದೆ ಅಮ್ಮ,” ಎಂದಷ್ಟೇ ಅಂದು ಸುಮ್ಮನಾಗಿದ್ದಳು. ಕಳ್ಳರ ಭಯದಲ್ಲಿ ತಾಯಂದಿರ ಭಕ್ತಿಯನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ.

ಅವಳು ಬಸ್ಸಿಳಿದಾಗ ತಾಯಿ ಡೋ ಸೇನ್ ಯಿನ್ ದಾರಿಯಲ್ಲೇ ಕಾಯುತ್ತಿದ್ದಳು. ಕೆನ್ನೆಗೆ ಹೊಸದಾಗಿ ತೇಯ್ದ ತನಾಖಾ ತೊಗಟೆಯ ಲೇಪ, ಉಟ್ಟದ್ದು ಮದುವೆಮುಂಜಿಗೆಂದು ಎತ್ತಿಟ್ಟ ರೇಷ್ಮೆ.

“ಬಂದ್ಯಾ? ಸರಿಯಾದ್ ಗಳಿಗೇಗೆ ಬಂದೆ ನೋಡು. ಫೋನಲ್ಲೇ ಹೇಳ್ಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು, ತಡ್ಕೊಂಡೆ. ನಡಿ.”

“ಎಲ್ಲಿಗಮ್ಮ?”

“ನಡಿ ಅಂದ್ರೆ ನಡಿಯೇ. ಎಲ್ಲದಕ್ಕೂ ಪ್ರಶ್ನೆ! ಓದಿದ್ದು ಜಾಸ್ತಿ ಆಯ್ತು ನಿಂಗೆ.”

ಬಂಡಿದಾರಿಯಲ್ಲಿ ನಡೆಯುತ್ತ ತಾಳೆಮರಗಳ ಸಂದಿಯಿಂದ ನೋಡಿದಳು. ಗುಡಿ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಹೊರಗೆ ತಾನೇ ಬಳಿದಿರುವುದು, ಒಳಗಲ್ಲ, ಒಳಗಲ್ಲ ಎಂದು ಹೇಳಿಕೊಳ್ಳುತ್ತಲೇ ಚಪ್ಪಲಿ ಬಿಟ್ಟು ಒಳಗೆ ಓಡಿದಳು.

ಒಳಗೆ ಬಾವಲಿಗಳಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕಲ್ಲಿ ನಾಲ್ಕೂ ಗೋಡೆ ಹಾಲಿನಂತಿದ್ದವು.

ಗಾರೆ ಕೆಲಸದ ಊ ಥೌನ್ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದ. “ಮೇಲ್ಮೇಲೆ ಸುಣ್ಣ ಹೊಡ್ದಿದಾನೆ ಅಂದ್ಕೋಬೇಡಿ ಅಮ್ಮಾವ್ರೇ. ಹಳೇ ಗಾರೆ ಎಲ್ಲಾ ಪೊಳ್ಳಾಗಿತ್ತು, ಅದ್ರ ಮೇಲೆ ಸುಣ್ಣ ನಿಲ್ಲಲ್ಲ. ಇಟ್ಟಿಗೆ ಕಾಣೋವರ್ಗೂ ಕೆತ್ತಿ, ಸಿಮೆಂಟ್ ಮೆತ್ತಿ, ಆಮೇಲೇ ಬಳ್ದಿದ್ದು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ.”

“ಕೆತ್ತಿದ್ದು... ಕೆತ್ತಿದ್ದೆಲ್ಲ ಎಲ್ಲಿ?”

“ಯಾವ್ದು, ಆ ಕಸಾನಾ? ಬಂಡಿದಾರಿ ಗುಂಡಿಗೆ ಸುರಿದ್ವಿ. ಮಳೇಲಿ ಎತ್ತು ಹೂತ್ಕೊಳ್ತಿತ್ತಲ್ಲ ಅಲ್ಲಿ. ಈಗ ನೋಡಿ, ದಾರಿ ಹೆಂಗಿದೆ!”

ಆ ದಾರಿಯನ್ನು ಅವಳು ಈಗಷ್ಟೇ ತುಳಿದು ಬಂದಿದ್ದಳು. ಬಂಡಿಗಾಲಿಗೆ ಸಿಕ್ಕಿ ಹಿಟ್ಟಾದ ಬಿಳಿಯ ಪುಡಿ ಕಾಲ್ಬೆರಳುಗಳಿಗೆ ಅಂಟಿತ್ತು.

“ಅಮ್ಮ, ಇಲ್ಲಿ ಚಿತ್ರ ಇತ್ತಲ್ಲ...”

“ಚಿತ್ರಾನೇ? ಕಣ್ಣಿಲ್ಲ, ಮೂಗಿಲ್ಲ, ಮಸಿ ಹಿಡಿದ ಬೆಕ್ಕಿನ್ ಥರ! ಬುದ್ಧದೇವ್ರನ್ನ ಅಂಥಾ ಕೊಳಕಲ್ಲಿ ಕೂರ್ಸಿ ನನ್ನ ಮಗಳನ್ನ ಪಾಸ್ ಮಾಡಪ್ಪ ಅಂತ ಯಾವ ಬಾಯಲ್ಲಿ ಕೇಳ್ಲಿ? ಈ ಸಲ ಎಳ್ಳು ಮಾರಿದ ದುಡ್ಡೆಲ್ಲ ಈ ಗೋಡೆಗೇ ಹೋಯ್ತು. ಹೋಗ್ಲಿ ಬಿಡು. ಬಾ ಇಲ್ಲಿ, ಇದ್ನ ನೋಡು ಮೊದ್ಲು.”

ತಾಯಿ ಅವಳ ಕೈ ಹಿಡಿದು ಪಡುವಣ ಗೋಡೆಗೆ ಎಳೆದುಕೊಂಡು ಹೋದಳು. ಸರಿಯಾಗಿ ಆ ಮೂಲೆಯಲ್ಲೇ ಬಂಗಾರದ ಬಣ್ಣದ ದಪ್ಪ ಅಕ್ಷರ: ‘ಪುಣ್ಯದಾನಿಗಳು: ಡೋ ಸೇನ್ ಯಿನ್, ಮಗಳು ಡಾಕ್ಟರ್ ಯೀ ಮೋನ್.’

“ನೀನು ಯಾವಾಗ್ಲೂ ಈ ಮೂಲೇಲೇ ಕೂತಿರ್ತಿದ್ಯಲ್ಲ, ಅದಕ್ಕೇ ಇಲ್ಲೇ ಬರ್ಸಿದೆ. ಡಾಕ್ಟರ್ ಅಂತಾನೂ ಈಗ್ಲೇ ಹಾಕ್ಸಿದೀನಿ. ಗುಡೀಲಿ ಬರ್ದ್‌ಮೇಲೆ ಆಗ್ದೇ ಇರುತ್ತಾ?”

ಯೀ ಮೋನ್‌ಗೆ ಚೀರಬೇಕೆನಿಸಿತು. ಆ ಬಂಗಾರದ ಅಕ್ಷರಗಳನ್ನು ಉಗುರಿನಿಂದ ಕೆರೆಯಬೇಕೆನಿಸಿತು. ಕೆರೆದರೆ ಕೆಳಗೆ ಸಿಮೆಂಟು, ಅದರ ಕೆಳಗೆ ಇಟ್ಟಿಗೆ. ಫೋನಿನಲ್ಲಿ ಒಂದು ಮಬ್ಬು ಫೋಟೋ ಇತ್ತು. ಹೆಸರಿರಬೇಕಾದ ಕಡೆ ಒಂದು ಕಪ್ಪು ಕಲೆ. ಅದನ್ನು ತೋರಿಸಿದರೆ ಪರೀಕ್ಷಕರು ನಗುತ್ತಾರೆ. ನಕ್ಕರೆ ನಗಲಿ, ಪದವಿ ಹಾಳಾಗಿ ಹೋಗಲಿ. ಎಂಟು ನೂರು ವರ್ಷ ಉಸಿರು ಬಿಗಿಹಿಡಿದು ಕಾದಿದ್ದ ಆ ಹೆಂಗಸು ಯಾರು? ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಕೊಂದವರು ಯಾರು ಎಂದು ಕೇಳಿದರೆ ಈ ಗೋಡೆಯೇ ಬಂಗಾರದ ಅಕ್ಷರದಲ್ಲಿ ಹೇಳುತ್ತದೆ.

ತಾಯಿಯ ಕಡೆ ತಿರುಗಿದಳು. ಆ ಮುಖದಲ್ಲಿ ಎಂಥ ಸಂಭ್ರಮವಿತ್ತೆಂದರೆ, ಒಂದೇ ಮಾತು ಸಾಕಿತ್ತು, ಅವಳು ಕಟ್ಟಿಕೊಂಡ ಪುಣ್ಯವೆಲ್ಲ ಪಾಪವಾಗಿ, ಸಾಯುವವರೆಗೂ ಆ ಜೀವ ಬೇಯುತ್ತಿತ್ತು. ಯೀ ಮೋನ್ ಕ್ಯಾಮೆರಾದ ಚೀಲವನ್ನು ಗೋಡೆಗೊರಗಿಸಿ ಪೂಜೆಗೆ ನೆರೆದಿದ್ದ ಊರವರ ಜೊತೆ ಚಾಪೆಯ ಮೇಲೆ ಕೂತಳು.

ಮಠದ ಹಿರಿಯ ಭಿಕ್ಷುಗಳು ಮಂತ್ರ ಹೇಳಿದರು. ಪುಣ್ಯ ಮಾಡಿದವರು ಅದನ್ನು ಒಬ್ಬರೇ ಇಟ್ಟುಕೊಳ್ಳುವಂತಿಲ್ಲ, ಹಂಚಬೇಕು. ಕೇಳಿದವರು ಮೂರು ಸಲ ‘ಸಾಧು’ ಎಂದು ಒಪ್ಪಿದರೆ ಅವರಿಗೂ ಪಾಲು. ಡೋ ಸೇನ್ ಯಿನ್ ಗಿಂಡಿಯಿಂದ ಬಟ್ಟಲಿಗೆ ಹನಿಹನಿಯಾಗಿ ನೀರು ಬಿಡುತ್ತ ಗಟ್ಟಿಯಾಗಿ ಹೇಳಿದಳು:

“ನನ್ನ ಹೆತ್ತೋರಿಗೆ, ನನ್ನ ಮಗಳಿಗೆ, ಈ ಊರಿನ ಎಲ್ಲಾ ಜೀವಕ್ಕೆ ಈ ಪುಣ್ಯದ ಪಾಲು ಮುಟ್ಲಿ. ಹಿಂದೆ ಯಾವ ಕಾಲದಲ್ಲೋ ಈ ಗುಡಿಗೆ ಕೈ ಹಚ್ಚಿ ದುಡಿದೋರು ಇದ್ದಾರಲ್ಲ, ಅವ್ರ ಹೆಸರು ನಮಗೆ ಗೊತ್ತಿಲ್ಲ. ಅವ್ರಿಗೂ ಮುಟ್ಲಿ.”

“ಸಾಧು,” ಎಂದಿತು ಊರು. ಯೀ ಮೋನ್‌ಳ ತುಟಿ ಬಿಚ್ಚಲಿಲ್ಲ.

“ಸಾಧು.”

ತಾಯಿ ಗಿಂಡಿ ಹಿಡಿದಂತೆಯೇ ತಿರುಗಿ ಅವಳ ಬಾಯನ್ನೇ ನೋಡಿದಳು.

“ಸಾಧು,” ಎಂದಳು ಯೀ ಮೋನ್. ಅನ್ನುತ್ತಿದ್ದಂತೆ ತಡೆದಿದ್ದೆಲ್ಲ ಒಡೆದು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ತಾಯಿ ಪಕ್ಕಕ್ಕೆ ಸರಿದು ಅವಳ ಬೆನ್ನು ಸವರಿದಳು. ಅವಳ ಕಣ್ಣೂ ತುಂಬಿತ್ತು.

“ಅಳು ಮಗಾ, ಅಳು. ಮೊದಲ ಸಲ ಈ ಗೋಡೆ ನೋಡ್ದಾಗ ಖುಷಿಗೆ ನಂಗೂ ಹಿಂಗೇ ಆಯ್ತು.”