ಶಟ್ಟೆವ್ವನ ಮಡ್ಡಿಗೆ ಬಂದ ಮಳೆಕಾಡು

ಜೆಸಿಬಿ ಬಂದು ನಿಂತಾಗ ಶಟ್ಟೆವ್ವನ ಇಪ್ಪತ್ತೆರಡು ಕುರಿಗಳು ಇನ್ನೂ ಮಡ್ಡಿಯಲ್ಲೇ ಮೇಯುತ್ತಿದ್ದವು. ಸಾಲಹಳ್ಳಿಯ ಆ ಮೂರು ಎಕರೆ ಕಲ್ಲುನೆಲದಲ್ಲಿ ಬೆಳೆ ಬರುವುದಿಲ್ಲ, ಹುಲ್ಲು ಬರುತ್ತದೆ. ಅಲ್ಲಲ್ಲಿ ಜಾಲಿ, ಬಾರಿಕಂಟಿಯ ಮುಳ್ಳುಪೊದೆ. ಆಕೆಯ ಕುರಿಗಳಿಗೆ ಬೇರೆ ಮೇವಿಲ್ಲ. ಇದು ಮಗ ಸಿದ್ದರಾಮನಿಗೂ ಗೊತ್ತು. ಆದರೂ ಜೆಸಿಬಿ ಕರೆಸಿದವನು ಅವನೇ!

"ಎವ್ವಾ, ಕುರಿ ಹೊಡ್ಕೊಂಡು ಆಕಡೆ ಹೋಗು. ಇದನ್ನೆಲ್ಲಾ ಕಿತ್ತು ಮಳಿಕಾಡು ಮಾಡಾಕ ಹತ್ತೇವಿ."

"ಕುರಿ ಎಲ್ಲಿ ಮೇಯಬೇಕೋ?"

"ಕಾಡು ಬೆಳದ ಮ್ಯಾಲ ಮೇವಿಗೇನ್ ಬರ?"

ಸಸಿ ಮಾರುವ ಸುನೀಲ ಪಕ್ಕದಲ್ಲೇ ನಿಂತಿದ್ದ. ಅವನ ಕೈಯಲ್ಲಿ ಬಣ್ಣದ ಕಾಗದ. 'ಮೂರೇ ವರ್ಷದಲ್ಲಿ ಅಪ್ಪಟ ಮಳೆಕಾಡು' ಎಂದು ದಪ್ಪ ಅಕ್ಷರ. ಅಕ್ಷರ ದಪ್ಪಗಿದ್ದಷ್ಟೂ ನಂಬಿಕೆ ಜಾಸ್ತಿ, ನಮ್ಮ ಜನರ ಹಣೆಬರಹವೇ ಇಷ್ಟು.

ಜೆಸಿಬಿಯ ಹಲ್ಲು ನೆಲಕ್ಕಿಳಿಯಿತು. ಅಂಚಿನ ಹುಲ್ಲು ಬೇರುಸಮೇತ ಎದ್ದು ಬಂತು. ಶಟ್ಟೆವ್ವ ಓಡಿಹೋಗಿ ಗಾಡಿಯ ಮುಂದೆ ಕುಳಿತೇಬಿಟ್ಟಳು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ಸಿದ್ದರಾಮ ಧಾವಿಸಿ ಬಂದ.

"ಎವ್ವಾ, ಏಳ! ನಿನಗ ತಿಳಿಯೂದಿಲ್ಲ!"

ಆಕೆ ಏಳಲಿಲ್ಲ.

ಗದ್ದಲ ಕೇಳಿ ನೆರೆಮನೆಯ ಇಂದ್ರವ್ವ ಬಂದಳು. ಪಂಚಾಯಿತಿ ಹಿಂದಿನ ಮಳೆಮಾಪಕವನ್ನು ದಿನವೂ ನೋಡಿ, ಎಷ್ಟು ಬಿತ್ತೆಂದು ಬರೆದಿಡುವವಳು ಅವಳೇ.

"ಸಿದ್ದರಾಮಾ, ಮಳಿಕಾಡು ಅಂದ್ರ ಏನ್ ತಿಳದಿ?"

"ದಟ್ಟ ಗಿಡ ಇರೂ ಕಾಡು, ಚಿಗವ್ವ. ಅದಿದ್ರ ಮಳಿ ತಾನ ಬರತೈತಿ."

"ದಟ್ಟ ಇದ್ದದ್ದೆಲ್ಲಾ ಮಳಿಕಾಡಲ್ಲಪಾ. ಮೊದಲ ಮಳಿ ಬೇಕು. ವರ್ಷಕ್ಕ ಇನ್ನೂರು ಸೆಂಟಿಮೀಟರ್, ಅದಕ್ಕೂ ಹೆಚ್ಚು. ವರ್ಷಪೂರ್ತಿ ಹಸರ. ಎತ್ತರದ ಗಿಡ ಹೆಣಕೊಂಡು, ನಡುಮಧ್ಯಾಹ್ನನೂ ನೆಲಕ್ಕ ಬಿಸಲ ಬೀಳೂದಿಲ್ಲ. ನಮ್ಮಲ್ಲಿ ಹೋದ ವರ್ಷ ಬಿದ್ದದ್ದು ಐವತ್ತೆರಡು. ನಾನ ಅಳದೇನಿ."

ಸುನೀಲ ನಕ್ಕ. "ಬೋರ್ ಹಾಕಿಸ್ರಿ ಅಕ್ಕಾರ, ನೀರು ಬಿಡೂಣು."

"ಬೋರ್ ನೀರಾಗ ಬೆಳಸೂದಕ್ಕ ತ್ವಾಟ ಅಂತಾರ್ರಿ. ಆ ಹೆಸರಿಲೇ ಮಾರ್ರಿ. ಬೋರ್ ಬತ್ತಿದ ದಿನ ನೀವು ಬಂದು ನೀರು ಹಾಕ್ತೀರೇನು?"

ಸುನೀಲ ಕಾಗದ ಮಡಚತೊಡಗಿದ.

ಸಿದ್ದರಾಮ ಸುಲಭಕ್ಕೆ ಬಗ್ಗುವವನಲ್ಲ. "ಹಂಗಾರ ನಮ್ಮ ಜಿಲ್ಲಾದಾಗ ಮಳಿಕಾಡ ಇಲ್ಲೇನು?"

"ಅದಾವಲ್ಲ! ಮಲಪ್ರಭಾ ಹುಟ್ಟೂ ಕಣಕುಂಬಿ ಕಡೆ ಹೋಗಿ ನೋಡು. ಆ ಕಾಡು ಮಳಿನೀರ ಹಿಡದಿಟ್ಟು ಸಾವಕಾಶ ಹೊಳಿಗೆ ಬಿಡತೈತಿ. ಅದ ಹೊಳಿ ಸವದತ್ತಿ ಡ್ಯಾಮಿಗೆ, ನಮ್ಮ ರಾಮದುರ್ಗಕ್ಕ ಬರತೈತಿ. ಆ ಕಾಡ ಕಡೀಬಾರ್ದು, ಈ ಮಡ್ಡಿ ಕೀಳಬಾರ್ದು. ಈ ಹುಲ್ಲಿನ ಬೇರ ಹ್ವಾದ್ರ ಮೊದಲ ಮಳಿಗೇ ಮಣ್ಣ ಹಳ್ಳಕ್ಕ."

"ಗಿಡ ಹಚ್ಚೂದ ಬ್ಯಾಡ ಅಂತೀ?"

"ಹಚ್ಚು. ಒಡ್ಡಿನ ಮ್ಯಾಲ ಬೇವು ಹಚ್ಚು, ಬನ್ನಿ ಹಚ್ಚು. ಅವು ನಮ್ಮ ಮಳಿಗೆ ಬದುಕ್ತಾವು."

ಸಿದ್ದರಾಮ ಕಿತ್ತ ಜಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಗೇಣು ಮಣ್ಣು, ಅದರ ಕೆಳಗೆ ಬರೀ ಬಂಡೆ. ಅಷ್ಟು ಮಣ್ಣನ್ನೂ ಹಿಡಿದಿದ್ದದ್ದು ಆ ಹುಲ್ಲಿನ ಬೇರುಗಳೇ. ಕಿತ್ತ ಹುಲ್ಲನ್ನು ಎತ್ತಿ, ಬೇರು ಕೆಳಗಾಗಿ ಮತ್ತೆ ಮಣ್ಣಿಗಿಟ್ಟ.

"ಏನ್ ಮಾಡೂಣ್ರಿ? ಲಗೂನ ಹೇಳ್ರಿ," ಡ್ರೈವರ್ ಕೂಗಿದ.

ಸಿದ್ದರಾಮ ತಾಯಿಯ ಮುಂದೆ ಬಂದು ಕೈ ಚಾಚಿದ. "ಏಳವಾ, ನನ್ನ ತಪ್ಪಾತು."

ಶಟ್ಟೆವ್ವ ಆ ಕೈ ಹಿಡಿಯಲಿಲ್ಲ. "ಮೊದಲ ಗಾಡಿ ಹೋಗ್ಲಿ."

ಗಾಡಿ ತಿರುಗಿ ರಸ್ತೆ ಸೇರಿತು. ಸುನೀಲನೂ ಬೈಕ್ ಹತ್ತಿದ. ಆಮೇಲೆಯೇ ಆಕೆ ಮಗನ ಕೈ ಹಿಡಿದು ಎದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಮಳೆಕಾಡು ಎಂಬ ಮಾತು ಕೇಳಲು ತಂಪು. ಅದನ್ನು ಮಾರಲು ಯಾರಾದರೂ ಬಂದರೆ, ನಮ್ಮೂರಿಗೆ ಎಷ್ಟು ಮಳೆ ಎಂದು ಮೊದಲು ತಿಳಿದುಕೊಳ್ಳಿ. ನಿಜವಾದ ಮಳೆಕಾಡು ಎಲ್ಲಿದೆಯೋ ಅಲ್ಲೇ ಅದನ್ನು ಉಳಿಸಲು ದನಿ ಎತ್ತಿ. ನಿಮ್ಮ ಹುಲ್ಲುಮಡ್ಡಿಯನ್ನು ಹಾಳುಭೂಮಿ ಎನ್ನಬೇಡಿ. ಜೆಸಿಬಿಯ ಮುಂದೆ ನಿಮ್ಮ ತಾಯಿ ಕೂರುವ ತನಕ ಕಾಯಬೇಡಿ.