ಪಿಯಾನೊ ಟೀಚರ ಮನೆಯ ಕಾರ್ಬ್ಯುರೇಟರ್

"ಇವತ್ತು ನಮ್ಮದೇನೂ ತಂದಿಲ್ಲ ತಾನೇ?" ಎಂದು ಆರ್ಡಿಸ್ ಅಡುಗೆಮನೆಯ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು.

ಒಳಗೆ ಪಿಂಗಾಣಿ ತಟ್ಟೆಗಳಿಗೆ ಬೆಲೆಯ ಚೀಟಿ ಅಂಟಿಸುತ್ತಿದ್ದ ಡಾರ್ಲಾ ತಲೆ ಎತ್ತಿದಳು. ಆ ಮುಖ ನೋಡಿದ ಕೂಡಲೇ ಆರ್ಡಿಸ್‌ಗೆ ಉತ್ತರ ಗೊತ್ತಾಯಿತು.

"ಈ ವಾರ ಮಗಳ ಮನೆಗೆ ಹೋಗ್ತೀವಿ ಅಂದಿದ್ರಲ್ಲಾ ನೀವು," ಎಂದಳು ಡಾರ್ಲಾ. "ಕೆಳಗೆ ನೆಲಮಾಳಿಗೇಲಿ ಇಟ್ಬಿಟ್ಟಿದೀನಿ. ನಿಮ್ಮ ಸಾಮಾನಿನ ಕೊನೇ ಗಂಟು. ಆ ಕಾರ್ಬ್ಯುರೇಟರೂ ಅದರಲ್ಲೇ ಇದೆ."

"ಹೋಗೋದು ನಿಂತುಹೋಯ್ತು. ನಾನು ಏಳೋಷ್ಟರಲ್ಲಿ ವರ್ಲಿನ್ ಷೂ ಕಟ್ಕೊಂಡು ಕಾರಲ್ಲಿ ಕೂತಿದ್ದ."

"ಎತ್ತಿಟ್ಬಿಡೋಣ ಅಂದ್ರೆ, ನೆಲಮಾಳಿಗೆ ಕಿಟಕಿಗೆ ಟಾರ್ಚ್ ಬಿಟ್ಟು ಎಲ್ಲಾರೂ ನೋಡಿಯಾಗಿದೆ ಆರ್ಡಿಸ್. ಈಗ ಎತ್ತಿದ್ರೆ ನನ್ನ ಜುಟ್ಟು ಹಿಡ್ಕೊಂಡು ಬೀದಿಗೆ ಎಳೀತಾರೆ."

ಆರ್ಡಿಸ್ ಹಿಂತಿರುಗಿ ನೋಡಿದಳು. ಮನೆಯ ಮುಂದಿನ ಕಾಲುದಾರಿಯಲ್ಲಿ ಗಂಡಸರ ಸಾಲು ನಿಂತಿತ್ತು. ಜೇಬಿನಲ್ಲಿ ಟಾರ್ಚು, ಕೈಯಲ್ಲಿ ಕಾಫಿ, ಬಾಯಲ್ಲಿ ಹೊಗೆಯಂಥ ಉಸಿರು. ಅವರ ನಡುವೆ ಅವಳ ಗಂಡ ವರ್ಲಿನ್ ತನ್ನ ಸರದಿಯ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲ ದಿನ ಶಾಲೆಗೆ ಬಂದವನಂತೆ ನಿಂತಿದ್ದ.

ಈ ಕಡೆ ಯಾರಾದರೂ ತೀರಿಕೊಂಡರೆ ಮಕ್ಕಳು ತಮಗೆ ಬೇಕಾದ್ದನ್ನು ಎತ್ತಿಕೊಂಡು, ಮಿಕ್ಕದ್ದನ್ನು ಮಾರಿಕೊಡಲು ಮನೆಯ ಬೀಗದ ಕೈಯನ್ನು ಡಾರ್ಲಾಳಂಥವರಿಗೆ ಕೊಟ್ಟು ಹೊರಟುಹೋಗುತ್ತಾರೆ. ಸತ್ತವರ ಮನೆಗೆ ಮೊದಲು ಬರುವವರು ನೆಂಟರು, ಆಮೇಲೆ ಪಾದ್ರಿ, ಕೊನೆಗೆ ಈ ಸಾಲಿನವರು. ಅಳುವವರು ಯಾರೂ ಉಳಿದಿರುವುದಿಲ್ಲವಾದ್ದರಿಂದ ಇವರು ಧಾರಾಳವಾಗಿ ನಗುತ್ತಾರೆ. ವರ್ಲಿನ್ ಈ ಸಾಲಿನಲ್ಲೇ ಮುದುಕನಾದವನು. ಜೇನ್ಸ್‌ವಿಲ್‌ನ ಕಾರಿನ ಕಾರ್ಖಾನೆಯಲ್ಲಿ ಬಣ್ಣ ಹೊಡೆದು ವಾರವೆಲ್ಲ ದುಡಿದು, ಬಿಡುವು ಸಿಕ್ಕಾಗ ಸುತ್ತಲಿನ ಹಳ್ಳಿಗಳ ಕೊಟ್ಟಿಗೆ, ಅಟ್ಟ, ನೆಲಮಾಳಿಗೆಗಳನ್ನು ಜಾಲಾಡುತ್ತಿದ್ದ. ಹಳೆಯ ಶ್ವಿನ್ ಸೈಕಲ್ಲಿನ ಫೋರ್ಕು, ಹಾರ್ಲಿ ಮೋಟಾರ್ ಬೈಕಿನ ದೀಪ, ತೊಗಲು ಹರಿದ ಸೀಟು, ಯಾವುದು ಸಿಕ್ಕರೂ ಹೆರಿಗೆಮನೆಯಿಂದ ಕೂಸನ್ನು ತಂದ ಹಾಗೆ ಕೋಟಿನೊಳಗೆ ಸುತ್ತಿಕೊಂಡು ಬರುತ್ತಿದ್ದ. "ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ! ಏನಿದು ಅಂತಾನೇ ಗೊತ್ತಿಲ್ಲ ಕಣೇ ಮಾರಿದವನಿಗೆ" ಎನ್ನುತ್ತಿದ್ದ. ಮಾರಿದವನಿಗೆ ಗೊತ್ತಿಲ್ಲದ್ದನ್ನು ತಾನು ಬಲ್ಲೆ ಎನ್ನುವುದೊಂದೇ ಅವನಿಗಿದ್ದ ಜಂಬ.

ಈಗ ಅವನಿಗೆ ಬೇರೇನೂ ಗೊತ್ತಾಗುವುದಿಲ್ಲ. ಸ್ನಾನ ಮಾಡಿದ್ದು ಮರೆಯುತ್ತದೆ. ತಮ್ಮ ಸತ್ತದ್ದು ಮರೆಯುತ್ತದೆ. ಡಾಕ್ಟರು ಕಾರಿನ ಕೀಲಿ ಕಿತ್ತುಕೊಂಡ ಮೇಲೆ ಆರ್ಡಿಸಳೇ ಅವನನ್ನು ಮಾರಾಟದಿಂದ ಮಾರಾಟಕ್ಕೆ ಸುತ್ತಿಸುತ್ತಾಳೆ. ಕಬ್ಬಿಣ ಕೈಗೆ ಬಂದಾಗ ಮಾತ್ರ ಅವನ ಬೆರಳಿಗೆ ಎಲ್ಲವೂ ನೆನಪಿರುತ್ತದೆ.

ಅವರಿಬ್ಬರ ಮನೆ ಮಾರಿಯಾಗಿತ್ತು. ತಿಂಗಳ ಕೊನೆಗೆ ಹಿರಿಯರ ವಸತಿಯ ಎರಡು ಕೋಣೆಗೆ ಹೋಗಬೇಕು. ಅಲ್ಲಿ ಗ್ಯಾರೇಜು ಇಲ್ಲ. ಅವಳು ಒಮ್ಮೆ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದ್ದಳು. ಅವನು ಅಡುಗೆಮನೆಯ ಮೇಜಿಗೆ ಹಣೆಯೂರಿ ಅತ್ತ. ಬೆಳಗಾಗುವಷ್ಟರಲ್ಲಿ ಮರೆತ. ದಿನಾ ಬೆಳಗ್ಗೆ ಒಬ್ಬ ಮನುಷ್ಯನನ್ನು ಹೊಸದಾಗಿ ಅಳಿಸುವ ಶಕ್ತಿ ಅವಳಿಗಿರಲಿಲ್ಲ. ಹಾಗಾಗಿ ಅವನು ಮಧ್ಯಾಹ್ನ ಮಲಗಿದಾಗ, ಗ್ಯಾರೇಜಿನ ಕಪಾಟಿನ ಡಬ್ಬಗಳನ್ನು ಹಾಗೇ ಬಿಟ್ಟು ಒಳಗಿನ ಸಾಮಾನು ಮಾತ್ರ ಡಾರ್ಲಾಳ ವ್ಯಾನಿಗೆ ತುಂಬತೊಡಗಿದಳು. ಡಾರ್ಲಾ ಅದನ್ನು ಬೇರೆ ಬೇರೆ ಮನೆಗಳ ಮಾರಾಟದಲ್ಲಿ ಸೇರಿಸುತ್ತಿದ್ದಳು. ಬರೀ ತಟ್ಟೆಲೋಟಗಳಿದ್ದರೆ ಗಂಡಸರು ಸಾಲು ನಿಲ್ಲುವುದಿಲ್ಲ. ಹಾಲಿಗೆ ನೀರು ಬೆರೆಸುವ ಈ ಕೆಲಸ ಆ ಸಾಲಿನವರಿಗೆ ಆಗದು, ಆದರೆ ನಡೆಯುತ್ತದೆ.

ಆದ ಎಡವಟ್ಟೆಂದರೆ, ಯಾರೋ ರೈತನ ಕೊಟ್ಟಿಗೆಯಲ್ಲಿ ವರ್ಲಿನ್ ತನ್ನದೇ ಹಾರ್ಲಿಯ ದೀಪವನ್ನು, ತನ್ನದೆಂದು ತಿಳಿಯದೆ, ಕಂಡುಹಿಡಿದ. ಕೂಗಾಡಿದ, ಚೌಕಾಸಿ ಮಾಡಿದ, ಗೆದ್ದ. ಆ ಸಂಜೆಯೆಲ್ಲ ಅವನು ಅವಳ ಹೆಸರನ್ನು ಮರೆಯಲಿಲ್ಲ. ಆರ್ಡಿಸ್ ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ದೀಪ ಹೋಯಿತು, ಬಂತು. ಸೀಟು ಹೋಯಿತು, ಬಂತು. ತಿರುಗಾಮುರುಗಾ ಗಂಡನ ಪಾದವೇ ಗತಿ ಎನ್ನುವಂತೆ ಎಲ್ಲವೂ ಗ್ಯಾರೇಜಿಗೇ ಬಂದು ಬೀಳುತ್ತಿತ್ತು. ಅವಳು ಇಳಿಸಿ, ಒರೆಸಿ, ಅವನು ಮಲಗಿದ ಮೇಲೆ ಮತ್ತೆ ತುಂಬಿ ಕಳಿಸುತ್ತಿದ್ದಳು. ಬೆನ್ನು ಹೋಗಿತ್ತು. ಮನಸ್ಸೂ ಸಾಕಾಗಿತ್ತು. ಆದರೆ ಆ ಕಾರ್ಬ್ಯುರೇಟರನ್ನು ಮಾತ್ರ ಅವನೆದುರಿಗೆ ಇಡಬಾರದು ಎಂದು ಡಾರ್ಲಾಳಿಂದ ಆಣೆ ಹಾಕಿಸಿಕೊಂಡಿದ್ದಳು. ದೀಪ, ಸೀಟು ಅವನು ಕೊಂಡುತಂದಂಥವು. ಇದು ಚಳಿಗಾಲ ಪೂರ್ತಿ ಅವನು ಕೂತು ಕೈಯಾರೆ ಮಾಡಿದ್ದು. ಇದನ್ನು ಮುಟ್ಟಿದರೆ ಖಂಡಿತ ಗುರುತಿಸುತ್ತಾನೆ. ಗುರುತಿಸಿದರೆ ಗ್ಯಾರೇಜು, ಮನೆ, ಖಾಲಿ ಡಬ್ಬ, ಎಲ್ಲದಕ್ಕೂ ಇಷ್ಟು ಜನರ ಮುಂದೆ ಉತ್ತರ ಹೇಳಬೇಕು.

ಬಾಗಿಲು ತೆರೆಯಿತು. ಸಾಲು ಕಡಿದುಬಿದ್ದಂತೆ ಒಳನುಗ್ಗಿತು.

"ಮೊದಲು ಮೇಲಿನ ಕೋಣೆ ನೋಡೋಣ ವರ್ಲಿನ್," ಎಂದಳು ಆರ್ಡಿಸ್, ಅವನ ತೋಳು ಹಿಡಿದು.

"ಮೇಲೇನಿರುತ್ತೆ? ಲಂಗ ಇರುತ್ತೆ. ನೀ ನೋಡ್ಕೋ ಹೋಗು." ಅವನು ತೋಳು ಬಿಡಿಸಿಕೊಂಡು ನೆಲಮಾಳಿಗೆಯ ಮೆಟ್ಟಿಲಿಳಿದೇಬಿಟ್ಟ.

ಕೆಳಗೆ ಕರ್ಟ್ ಆಗಲೇ ಬಂದಿದ್ದ. ನಲವತ್ತರ ಆಸುಪಾಸಿನ, ಗಡ್ಡದ ತುಂಬ ಡೋನಟ್ಟಿನ ಸಕ್ಕರೆ ಉದುರಿಸಿಕೊಂಡ ದಢೂತಿ ಮನುಷ್ಯ. ಹಳೆಯ ಬೈಕುಗಳನ್ನು ಕಟ್ಟುವವನು. ಹಿಂದೆ ವರ್ಲಿನ್‌ನ ಗ್ಯಾರೇಜಿನಲ್ಲಿ ಕೂತು ಎಷ್ಟೋ ಸಲ ಬಿಯರ್ ಕುಡಿದವನು.

"ಡಾರ್ಲಾ!" ಎಂದು ಅವನು ಮೇಲಕ್ಕೆ ಕೂಗಿದ. "ತೀರಿಕೊಂಡವರು ಪಿಯಾನೊ ಟೀಚರಲ್ವಾ? ಮದುವೇನೇ ಆಗದ ಹೆಂಗಸು! ಹಾರ್ಲಿ ಮೇಲೆ ಕೂತ್ಕೊಂಡು ಪಾಠ ಹೇಳಕ್ಕೆ ಹೋಗ್ತಿದ್ರಾ? ಯಾರ ಮನೆ ಮಾಲು ತಂದು ಯಾರ ಮನೇಲಿ ಇಟ್ಟಿದೀಯಾ?"

ಉಳಿದ ಗಂಡಸರು ನಕ್ಕರು. ಒಗೆಯುವ ಯಂತ್ರದ ಮೇಲೆ ಹರಡಿದ್ದ ಸಾಮಾನಿನಿಂದ ಕರ್ಟ್ ಕಂಚಿನ ಕಾರ್ಬ್ಯುರೇಟರನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಅವನ ಮುಖದ ನಗು ನಿಧಾನಕ್ಕೆ ಇಳಿಯಿತು.

"ಇದು..." ಎಂದು ವರ್ಲಿನ್‌ನತ್ತ ತಿರುಗಿದ. "ಯಜಮಾನ್ರೇ, ಇದು ನಿಮ್ಮ..."

ಮೆಟ್ಟಿಲ ಮೇಲೆ ನಿಂತಿದ್ದ ಆರ್ಡಿಸ್ ಬೇಡ ಎಂದು ತಲೆಯಾಡಿಸಿದಳು. ಕರ್ಟ್ ಅವಳನ್ನು ನೋಡಿದ, ಮುದುಕನನ್ನು ನೋಡಿದ, ಮತ್ತೆ ಅವಳನ್ನು ನೋಡಿದ.

"ನಿಮ್ಮ ಕೈಗೆ ಕೊಡ್ಬೇಕಾದ ಮಾಲು," ಎಂದು ಮಾತು ಮುಗಿಸಿದ. "ಏನಿದು ನೋಡಿ ಹೇಳಿ."

ವರ್ಲಿನ್ ಅದನ್ನು ತೆಗೆದುಕೊಂಡ. ಅವನ ಬೆನ್ನು ನೆಟ್ಟಗಾಯಿತು.

"ಲಿಂಕರ್ಟ್ ಕಂಪನೀದು," ಎಂದ. "ಎರಡನೇ ಮಹಾಯುದ್ಧಕ್ಕಿಂತ ಹಿಂದಿಂದು. ಬಾಯಿ ಹತ್ರ ಬೋಲ್ಟು ಕೂರೋ ಕಿವಿ ಮುರಿದುಹೋಗಿತ್ತು, ಬೆಸೆದಿದಾನೆ ನೋಡು ಇಲ್ಲಿ. ಬೆಸುಗೆ ಎಲ್ಲಿದೆ ಅಂತಾನೇ ಕಾಣಲ್ಲ. ಉಗುರಲ್ಲಿ ಗೀರಿದ್ರೆ ಮಾತ್ರ ತಿಳಿಯುತ್ತೆ. ತಾಳ್ಮೆ ಇರೋ ಮನುಷ್ಯ ಮಾರಾಯ."

ಅವನ ಹೆಬ್ಬೆರಳು ಅಂಚಿನಿಂದ ಅಂಚಿಗೆ ನಡೆಯಿತು, ಚೋಕಿನ ಹಿಡಿಯ ಮೇಲೆ ನಿಂತಿತು. ಅಲ್ಲಿ ಪುಟ್ಟ ಗುಲಾಬಿಯೊಂದನ್ನು ಕೊರೆದಿತ್ತು. ಅವನು ಕನ್ನಡಕ ಏರಿಸಿ ನೋಡಿದವನೇ ಗಹಗಹಿಸಿ ನಕ್ಕ.

"ಬಾ ಇಲ್ಲಿ ಆರ್ಡಿಸ್, ನೋಡೇ! ಚಮಚ ಕಣೇ ಇದು! ಹಿಡಿ ಮುರಿದಿದ್ದಕ್ಕೆ ಹೆಂಡ್ತಿ ಚಮಚ ಕತ್ತರಿಸಿ ಹಾಕಿದಾನೆ ಕಳ್ಳ ನನ್ಮಗ! ಮದುವೇಲಿ ಬಂದ ಚಮಚ ಇರ್ಬೇಕು. ಎಷ್ಟು ಬೈಸ್ಕೊಂಡನೋ ಏನೋ."

ಆರ್ಡಿಸ್ ಇಳಿದು ಬಂದು ಅವನ ಪಕ್ಕ ನಿಂತಳು. ಆ ಚಮಚಗಳನ್ನು ಕೊಟ್ಟದ್ದು ಅವಳ ಅಜ್ಜಿ. ಕ್ರಿಸ್ಮಸ್ಸಿಗೆ ಮೇಜು ಅಣಿ ಮಾಡುವಾಗ ಒಂದು ಕಡಿಮೆ ಬಂದು, ಅವಳು ನೆಂಟರ ಮುಂದೆಯೇ ಅವನ ಮೇಲೆ ಹಾರಾಡಿದ್ದಳು. ವಾರವಿಡೀ ಮಾತು ಬಿಟ್ಟಿದ್ದಳು.

"ತುಂಬಾ ಬೈದಿರ್ತಾಳೆ," ಎಂದಳು.

"ಒಳ್ಳೇ ಕೆಲಸಗಾರ ಕಣೇ. ಇಂಥವನ ಪರಿಚಯ ಆಗ್ಲಿಲ್ಲ ನೋಡು ನಂಗೆ. ಈ ಸುತ್ತಲಲ್ಲೇ ಇದ್ದವನು, ಆದ್ರೂ ಒಂದು ದಿನ ಸಿಗ್ಲಿಲ್ಲ." ಅವನ ದನಿ ಸಣ್ಣದಾಯಿತು. "ಅವನ ಹೆಂಡ್ತಿ ಇದಾಳಾ?"

"ಇದಾಳೆ."

"ಹೇಗಿದಾಳೆ?"

ಹೀಗೆ ಆರ್ಡಿಸಳನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. "ಸುಸ್ತಾಗಿದಾಳೆ," ಎಂದಳು.

"ಇರುತ್ತೆ ಪಾಪ. ಚಮಚದ ಸಿಟ್ಟು ಇನ್ನೂ ಇದೆಯಂತಾ?"

"ಇಲ್ಲ ವರ್ಲಿನ್. ಅದು ಯಾವತ್ತೋ ಹೋಯ್ತು."

ಅವನಿಗೆ ಸಮಾಧಾನವಾದ ಹಾಗೆ ಕಂಡಿತು. ಕಾರ್ಬ್ಯುರೇಟರನ್ನು ಇನ್ನೊಮ್ಮೆ ಕೈಯಲ್ಲಿ ತೂಗಿದ. ಈಗ ಜೇಬಿಗೆ ಕೈ ಹಾಕುತ್ತಾನೆ, ಮತ್ತೆ ಹೊತ್ತುಕೊಂಡು ಹೋಗಬೇಕು ಎಂದು ಆರ್ಡಿಸ್ ಕಾಯುತ್ತಿದ್ದಳು. ಅವನು ಕರ್ಟ್‌ನ ಕಡೆ ತಿರುಗಿದ.

"ಇದಕ್ಕೆ ಗಾಡಿ ಇದೆಯೇನಪ್ಪಾ ನಿನ್ನ ಹತ್ರ?"

"ಇದೆ ಯಜಮಾನ್ರೇ."

"ಓಡುತ್ತಾ?"

"ಇದೊಂದು ಸಿಕ್ಕರೆ ಓಡುತ್ತೆ."

"ಹಾಗಾದ್ರೆ ತಗೋ. ನಾನು ಒಯ್ದರೆ ಡಬ್ಬಕ್ಕೆ ಹಾಕ್ತೀನಿ ಅಷ್ಟೆ. ಇಷ್ಟು ಚೆನ್ನಾಗಿ ಮಾಡಿದವನಿಗೆ ಅದು ಅನ್ಯಾಯ." ಅವನು ಕರ್ಟ್‌ನ ದಪ್ಪ ಅಂಗೈಯಲ್ಲಿ ಅದನ್ನಿಟ್ಟು ಬೆರಳು ಮಡಚಿದ. "ಚಮಚ ಮಾತ್ರ ಬದಲಾಯಿಸ್ಬೇಡ."

"ಇಲ್ಲ," ಎಂದ ಕರ್ಟ್.

ಹಿಂದಿನಿಂದ ಯಾರೋ ದಾರಿ ಬಿಡಿ ಎಂದರು. ವರ್ಲಿನ್ ಬಿಡಲಿಲ್ಲ. ತಾನೆಂದೂ ಕಾಣದ ಆ ಕೆಲಸಗಾರನಿಗೆಂದು ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಇಗರ್ಜಿಯಲ್ಲಿ ನಿಲ್ಲುವಂತೆ ಒಗೆಯುವ ಯಂತ್ರದೆದುರು ನಿಂತ. ಬಿಳಿ ಕೂದಲು ನೆತ್ತಿಗೆ ಅಂಟಿತ್ತು. ಕರ್ಟ್ ಕೂಡ ಟೋಪಿ ತೆಗೆದ. ಅವನನ್ನು ನೋಡಿ ಹಿಂದಿದ್ದವರು, ಯಾಕೆಂದು ತಿಳಿಯದೆಯೇ, ಒಬ್ಬೊಬ್ಬರಾಗಿ ತೆಗೆದರು. ಆರ್ಡಿಸ್ ಕೈಚೀಲವನ್ನು ನೆಲಕ್ಕಿಟ್ಟು, ಗಂಡನ ಪಕ್ಕದಲ್ಲಿ ಬೆರಳು ಹೆಣೆದುಕೊಂಡು ತಲೆ ತಗ್ಗಿಸಿದಳು.