ಎರಡು ಚಮಚ ರಕ್ತ

ಕೆಂಚಾರ್ಲಹಳ್ಳಿಯ ಕೊಂಡಮ್ಮನಿಗೆ ಬೆಳಿಗ್ಗೆ ಎದ್ದರೆ ಸಾಕು, ತಲೆ ಸಿಡಿಯುವಂಥ ನೋವು. ಹಿಂದೆಯೇ ವಾಂತಿ. ಎರಡು ತಿಂಗಳಿಂದ ಇದೇ ಪಾಡು. 1996ರ ಶ್ರಾವಣದಲ್ಲಿ ಒಂದು ದಿನ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವಾಗ ಒಂದು ತಟ್ಟೆ ಎರಡಾಗಿ ಕಂಡಿತು. ಸೊಪ್ಪೆಲ್ಲ ನೆಲದ ಪಾಲಾಯಿತು.

"ಪಿತ್ತ ಕಣೇ. ಜೀರಿಗೆ ಕಷಾಯ ಕುಡಿ, ಹೋಗುತ್ತೆ," ಎಂದ ಗಂಡ ನರಸಪ್ಪ.

ಮನೆಮನೆಗೆ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ಅನಸೂಯಮ್ಮ ಬಾಗಿಲಲ್ಲೇ ಕೇಳಿಸಿಕೊಂಡರು. "ಇದು ಪಿತ್ತ ಅಲ್ಲ ನರಸಪ್ಪಣ್ಣ. ನಾಳೆನೇ ಬೆಂಗಳೂರಿಗೆ ಹೋಗಣ. ನಾನೂ ಬರ್ತೀನಿ."

"ಹುಳು ಹಣ್ಣಾಗಿ ಗೂಡು ಕಟ್ಟೋ ಹೊತ್ತಮ್ಮ!"

"ಹುಳ ಪಕ್ಕದ ಮನೆಯೋರು ನೋಡ್ಕೊಂತಾರೆ. ಈಯಮ್ಮನ್ನ ಯಾರು ನೋಡ್ಕೊಂತಾರೆ?"

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ! ಕೊಂಡಮ್ಮ ಗಂಡನ ತೋಳು ಹಿಡಿದುಕೊಂಡಳು.

"ಆಪರೇಷನ್ ಮಾಡಿ ತೆಗೀಬಹುದಮ್ಮ, ಧೈರ್ಯವಾಗಿರಿ," ಎಂದರು ಡಾಕ್ಟರು. ಆಮೇಲೆ ಅಧ್ಯಯನಕ್ಕೆಂದು ಎರಡು ಚಮಚ ರಕ್ತ ಕೇಳಿದರು.

ನರಸಪ್ಪ ಅಡ್ಡ ಬಂದ. "ಮೊದಲೇ ಸೊರಗೋಗವ್ಳೆ. ರಕ್ತ ಬೇರೆ ತೆಗೀತೀರಾ?"

"ಬೇಡ ಅಂದ್ರೆ ಬಿಡಿ, ಚಿಕಿತ್ಸೆ ನಿಲ್ಲಲ್ಲ. ಗಡ್ಡೆ ಬೆಳೆದಾಗ ಕೆಲವರ ದೇಹ ಅದನ್ನ ಗುರುತು ಹಿಡಿದು, ರಕ್ತದಲ್ಲಿ ಪ್ರತಿಕಾಯ ಅನ್ನೋದನ್ನ ತಯಾರು ಮಾಡುತ್ತೆ. ಅದನ್ನ ಪತ್ತೆ ಹಚ್ಚೋದು ಕಲಿತ್ರೆ, ಯಾರಿಗೆ ಬೇಗ ಸ್ಕ್ಯಾನ್ ಬೇಕು ಅನ್ನೋ ಸುಳಿವು ಮುಂದೆ ರಕ್ತದಲ್ಲೇ ಸಿಗಬಹುದು. ಇನ್ನೂ ಹುಡುಕ್ತಾ ಇದ್ದೀವಿ."

"ಇದರಿಂದ ನನಗೆ ವಾಸಿಯಾಗುತ್ತಾ?" ಕೊಂಡಮ್ಮ ಕೇಳಿದಳು.

"ಇಲ್ಲಮ್ಮ. ಇದು ಮುಂದೆ ಬರೋರಿಗೆ."

ಕೊಂಡಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಆಮೇಲೆ ಕೈ ಚಾಚಿದಳು. "ತಗೊಳ್ಳಿ. ನನ್ನಂಗೆ ಇನ್ಯಾರೂ ಎರಡು ತಿಂಗಳು ಕಷಾಯ ಕುಡ್ಕೊಂಡು ಕೂರೋದು ಬೇಡ."

ನರಸಪ್ಪ ತಲೆ ತಗ್ಗಿಸಿದ.

ಆಪರೇಷನ್ ಚೆನ್ನಾಗಿ ಆಯಿತು. ನಾಲ್ಕನೇ ದಿನ ಕೊಂಡಮ್ಮ ಎದ್ದು ಕೂತು, "ಇಲ್ಲಿ ಮುದ್ದೆ ಸಿಗಲ್ವಾ?" ಎಂದಳು. ನರಸಪ್ಪನ ಕಣ್ಣಲ್ಲಿ ನೀರು ಬಂತು. ಅವನು ನೇರ ಡಾಕ್ಟರ ಬಳಿಗೆ ಹೋದ.

"ಸ್ವಾಮಿ, ಕಾಯಿಲೆ ಇಲ್ದೋರ ರಕ್ತ ಬೇಕಾ?"

"ಬೇಕಪ್ಪ! ಎರಡನ್ನೂ ಹೋಲಿಸಿ ನೋಡಿದ್ರೇನೇ ವ್ಯತ್ಯಾಸ ತಿಳಿಯೋದು."

ನರಸಪ್ಪ ಅಂಗಿಯ ತೋಳು ಮಡಚಿದ. ಸೂಜಿ ಕಂಡು ಮುಖ ಆಚೆ ತಿರುಗಿಸಿದ. ಅನಸೂಯಮ್ಮ ನಕ್ಕರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಲೆನೋವೆಲ್ಲ ಗಡ್ಡೆಯಲ್ಲ, ಹೆದರಬೇಡಿ. ಆದರೆ ದಿನೇ ದಿನೇ ಹೆಚ್ಚುವ ತಲೆನೋವು, ಬೆಳಗಿನ ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಅವರು ಅಧ್ಯಯನಕ್ಕೆ ರಕ್ತ ಕೇಳಿದರೆ, ಏಕೆಂದು ಧೈರ್ಯವಾಗಿ ಕೇಳಿ ತಿಳಿದುಕೊಳ್ಳಿ. ಮನಸ್ಸಿಗೆ ಒಪ್ಪಿದರೆ ಕೊಡಿ. ನೀವು ಮುಖ ನೋಡದ ಯಾರಿಗೋ ಅದು ದಾರಿ ತೋರಿಸೀತು.